ಟಿಲ್ಲರ್ ಬೆಲ್ಟ್ ಪದೇ ಪದೇ ಹರಿಯುತ್ತಿದ್ದರೆ: ಹಳೇ ಬೆಲ್ಟ್ ಎಸೆಯುವ ಮುಂಚೆ ನೋಡಬೇಕಾದ್ದು

ಕಳೆದ ಬೇಸಿಗೆ ಭತ್ತದ ಹೊತ್ತಿನಲ್ಲಿ ನಮ್ಮ ಟಿಲ್ಲರ್ (ಕೈಯಲ್ಲಿ ಹಿಡಿದು ನಡೆಸುವ ಉಳುಮೆ ಯಂತ್ರ) ಒಂದೂವರೆ ತಿಂಗಳೊಳಗೆ ಮೂರು ಸೆಟ್ ಬೆಲ್ಟ್ ತಿಂದು ಹಾಕಿತು. ಸೆಟ್ಟಿಗೆ 3 ಬೆಲ್ಟ್, ಒಟ್ಟು 9. ನಮ್ಮ ಗದ್ದೆ ಇರುವುದು ಹರಿಹರ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗದಲ್ಲಿ. ಲಕ್ಕವಳ್ಳಿ ಡ್ಯಾಮಿನಿಂದ ಬಿಟ್ಟ ನೀರು ಮೇಲಿನವರನ್ನೆಲ್ಲ ದಾಟಿ ನಮ್ಮ ಹತ್ತಿರ ಬರುವಷ್ಟರಲ್ಲೇ ಎಷ್ಟೋ ದಿನ ಕಳೆದಿರುತ್ತದೆ. ಬಂದ ಮೇಲೆ ಕೆಸರು ಹೊಡೆಯುವುದಕ್ಕೆ ಸಿಗುವುದು ಸ್ವಲ್ಪ ದಿನ ಮಾತ್ರ. ಆಗ ಟಿಲ್ಲರ್ ನಿಂತರೆ ನಾಟಿಗೆ ಬಂದ ಹೆಣ್ಣಾಳುಗಳು ಬದುವಿನ ಮೇಲೆ ಕೂರಬೇಕು. ಮಡಿಯಲ್ಲಿ ಸಸಿ ಬಲಿತು ಹೋಗುತ್ತದೆ. ಬೆಲ್ಟಿಗೆ ಕೊಟ್ಟ ದುಡ್ಡಿಗಿಂತ ಹಾಳಾದ ದಿನಗಳ ಲೆಕ್ಕವೇ ಜಾಸ್ತಿ.

ಮೊದಲ ಸೆಟ್ ಹೋದಾಗ ಬೆಲ್ಟ್ ಕಳಪೆ ಅಂದುಕೊಂಡೆ. ಜಾಸ್ತಿ ದುಡ್ಡು ಕೊಟ್ಟು ಬೇರೆ ಕಂಪನಿಯದು ತಂದೆ. ಅದೂ ಹೋಯಿತು. ಬೆಲ್ಟ್ ಲೂಸ್ ಇರಬೇಕು ಅಂತ ಮೂರನೇ ಸೆಟ್ಟನ್ನು ತಂತಿಯ ಹಾಗೆ ಬಿಗಿ ಮಾಡಿದೆ. ಎಂಟೇ ದಿನಕ್ಕೆ ಕ್ಲಚ್ ಪುಲ್ಲಿಯ ಬೇರಿಂಗ್ ಕುಯ್ಯೆನ್ನತೊಡಗಿತು, ಜೊತೆಗೆ ಹೊರಗಡೆಯ ಬೆಲ್ಟ್ ಮಗುಚಿ ಬಿತ್ತು. ಕೊನೆಗೆ ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಕಡೆಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ವಯಸ್ಸಾದ ಮೇಸ್ತ್ರಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಹಳೇ ಬೆಲ್ಟ್ ತಂದೀಯೇನಪ್ಪಾ?"

ತಂದಿರಲಿಲ್ಲ. ಮಾರನೇ ದಿನ ತೆಗೆದುಕೊಂಡು ಹೋದೆ. ಅದರಲ್ಲಿ ಒಂದು ಆಗಲೇ ಕೊಟ್ಟಿಗೆಯ ತಡಿಕೆ ಬಾಗಿಲು ಕಟ್ಟುವುದಕ್ಕೆ ಬಳಕೆಯಾಗಿತ್ತು, ಬಿಚ್ಚಿಕೊಂಡು ಹೋದೆ. ಅವರು ಬೆಲ್ಟನ್ನು ಮಂಡಿಯ ಮೇಲೆ ಬಗ್ಗಿಸಿ, ಒಂದು ಪಕ್ಕಕ್ಕೆ ಹೆಬ್ಬೆರಳು ಒತ್ತಿ ಸುತ್ತಲೂ ಎಳೆದುಕೊಂಡು ಹೋದರು. ಆಮೇಲೆ ಇನ್ನೊಂದು ಪಕ್ಕ. ಒಂದು ಕಡೆ ನುಣುಪು, ಇನ್ನೊಂದು ಕಡೆ ಬಟ್ಟೆಯ ಎಳೆ ಎದ್ದು ಒರಟಾಗಿತ್ತು. ಮೂರೂ ಬೆಲ್ಟಿನಲ್ಲಿ ಒಂದೇ ಕಡೆ ಎಳೆ ಎದ್ದಿತ್ತು. "ಬೆಲ್ಟಿಂದೇನೂ ತಪ್ಪಿಲ್ಲ ತಮ್ಮಾ. ಇಂಜಿನ್ ಸೊಟ್ಟ ಕುಂತೈತಿ, ಹೋಗಿ ನೋಡು" ಅಂದರು.

ಅಲ್ಲಿಂದ ಶುರುವಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಒಂದು ಸಿಲಿಂಡರಿನ ಡೀಸೆಲ್ ಟಿಲ್ಲರ್. ಮುಂದೆ ಇಂಜಿನ್, ಹಿಂದೆ ಗೇರ್ ಬಾಕ್ಸ್, ಎಡಗಡೆ ಮೂರು ವಿ ಬೆಲ್ಟ್. ಮುಂದಿನ ಇಂಜಿನ್ ಪುಲ್ಲಿಯಿಂದ ಹಿಂದಿನ ಕ್ಲಚ್ ಪುಲ್ಲಿಗೆ ಶಕ್ತಿ ಹೋಗುವುದು ಈ ಬೆಲ್ಟುಗಳಿಂದಲೇ. ಹಿಟ್ಟಿನ ಗಿರಣಿ, ಮೆಕ್ಕೆಜೋಳ ಬಿಡಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ವಿ ಬೆಲ್ಟ್ ಇರುವ ಎಲ್ಲದಕ್ಕೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಕೈ ಹಾಕುವ ಮುಂಚೆ ಒಂದು ಮಾತು. ಇಂಜಿನ್ ಪೂರ್ತಿ ನಿಲ್ಲಿಸಿ, ಇಂಜಿನ್ನಿನ ಚಕ್ರ (ಫ್ಲೈವೀಲ್) ನಿಂತಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬೆಲ್ಟ್ ಕವರ್ ತೆಗೆಯಬೇಕು. ಹೆಗಲ ಮೇಲಿನ ಟವೆಲ್ ಪಕ್ಕಕ್ಕೆ ಇಡಿ. ಪಂಚೆ, ಲುಂಗಿ ಬೇಡ. ಓಡುತ್ತಿರುವ ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಸಿಕ್ಕರೆ ಎಳೆದುಕೊಳ್ಳುವುದಕ್ಕೆ ಸಮಯವೇ ಇರುವುದಿಲ್ಲ.

ಬೆಲ್ಟ್ ಏನು ಹೇಳುತ್ತಿದೆ

ವಿ ಬೆಲ್ಟ್ ತಳದಿಂದ ಎಳೆಯುವುದಿಲ್ಲ, ಎರಡು ಪಕ್ಕೆಗಳಿಂದ ಎಳೆಯುತ್ತದೆ. ಪುಲ್ಲಿಯ ಗ್ರೂವಿನಲ್ಲಿ, ಅಂದರೆ ಸುತ್ತಲೂ ಕೊರೆದ ಕಾಲುವೆಯಂಥ ತಗ್ಗಿನಲ್ಲಿ, ಬೆಣೆಯ ಹಾಗೆ ಸಿಕ್ಕಿಕೊಂಡು ಹಿಡಿತ ಪಡೆಯುತ್ತದೆ. ಬೆಲ್ಟಿನ ತಳಕ್ಕೂ ಗ್ರೂವಿನ ತಳಕ್ಕೂ ನಡುವೆ ಯಾವಾಗಲೂ ಸ್ವಲ್ಪ ಸಂದು ಇರಬೇಕು. ಇದೊಂದು ಮಾತು ತಲೆಯಲ್ಲಿದ್ದರೆ ಹರಿದ ಬೆಲ್ಟ್ ನೋಡಿ ಕಾರಣ ಹೇಳುವುದು ಕಷ್ಟವಲ್ಲ.

ಎರಡೂ ಪಕ್ಕೆ ಗಾಜಿನ ಹಾಗೆ ಹೊಳೆಯುತ್ತಾ ಗಟ್ಟಿಯಾಗಿದ್ದರೆ ಬೆಲ್ಟ್ ಜಾರಿದೆ ಅಂತ ಅರ್ಥ. ಜಾರಿದಾಗ ಬಿಸಿಯಾಗುತ್ತದೆ, ಬಿಸಿಯಾದಾಗ ರಬ್ಬರ್ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಇನ್ನೂ ಜಾರುತ್ತದೆ. ಬೆಲ್ಟಿನ ಬಿಸಿ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರೆಲ್ಲ ಒಪ್ಪುವ ಲೆಕ್ಕ. ತಳದಲ್ಲಿ ಅಡ್ಡಡ್ಡ ಬಿರುಕು ಬಿಟ್ಟಿದ್ದರೂ ಹೆಚ್ಚಾಗಿ ಬಿಸಿಯೇ ಕಾರಣ, ಇಲ್ಲವೇ ಬೆಲ್ಟ್ ಹಳತಾಗಿದೆ. ಸುತ್ತಲೂ ಚೆನ್ನಾಗಿದ್ದು ಒಂದೇ ಜಾಗದಲ್ಲಿ ಸುಟ್ಟು ತಗ್ಗು ಬಿದ್ದಿದ್ದರೆ ಹಿಂದಿನ ಪುಲ್ಲಿ ಸಿಕ್ಕಿಕೊಂಡು ನಿಂತಿತ್ತು, ಮುಂದಿನದು ಬೆಲ್ಟಿನೊಳಗೇ ತಿರುಗುತ್ತಿತ್ತು. ಕಟಾವು ಯಂತ್ರ ಬಿಟ್ಟು ಹೋದ ಹುಲ್ಲು ಹಿಂದೆ ಮಣ್ಣು ಕಲಸುವ ರೋಟರಿಗೆ ಸುತ್ತಿಕೊಂಡು ಬಿಗಿದಾಗ ಹೀಗಾಗುತ್ತದೆ. ಆಗ ಆಕ್ಸಿಲೇಟರ್ ಜಾಸ್ತಿ ಮಾಡಬೇಡಿ. ಇಂಜಿನ್ ನಿಲ್ಲಿಸಿ ಕುಡುಗೋಲಿನಿಂದ ಹುಲ್ಲು ಕೊಯ್ದು ತೆಗೆಯಿರಿ.

ಬೆಲ್ಟ್ ಊದಿಕೊಂಡು ಮೆತ್ತಗೆ, ಅಂಟಂಟಾಗಿದ್ದರೆ ಎಣ್ಣೆ ಅಥವಾ ಡೀಸೆಲ್ ತಾಗಿದೆ. ಕತ್ತರಿಸಿದ ಹಾಗೆ ಒಂದೇ ಕಡೆ ತುಂಡಾಗಿದ್ದರೆ ಜೋರಾದ ಹೊಡೆತ ಬಿದ್ದಿದೆ, ಅಥವಾ ಹಾಕುವಾಗ ಸ್ಕ್ರೂ ಡ್ರೈವರ್‌ನಿಂದ ಮೀಟಿ ಒಳಗಿನ ದಾರ ಹರಿದಿದ್ದೀರಿ. ಪಕ್ಕೆಯಿಂದ ಚೂರು ಚೂರು ಕಿತ್ತಿದ್ದರೆ ಪುಲ್ಲಿಯ ಅಂಚು ಒಡೆದಿರಬೇಕು ಅಥವಾ ಒಳಗೆ ಕಲ್ಲು ಸೇರಿರಬೇಕು. ಒಂದೇ ಪಕ್ಕೆ ಸವೆದು ಎಳೆ ಎದ್ದಿದ್ದರೆ ಎರಡು ಪುಲ್ಲಿ ಒಂದೇ ಗೆರೆಯಲ್ಲಿಲ್ಲ. ಬೆಲ್ಟ್ ಮಗುಚುವುದಕ್ಕೂ ಇದೇ ಮೊದಲ ಕಾರಣ.

ನಾನು ಮೊದಲ ಸೆಟ್ ಹೋದ ದಿನವೇ ಪಕ್ಕೆಗೆ ಕೈಯಾಡಿಸಿ ನೋಡಿದ್ದರೆ ಉಳಿದ ಆರು ಬೆಲ್ಟ್ ಉಳಿಯುತ್ತಿದ್ದವು. ಹಾಗಾಗಿ ಕೇಳಿಕೊಳ್ಳುತ್ತೇನೆ, ಹಳೇ ಬೆಲ್ಟ್ ಎಸೆಯಬೇಡಿ. ಬಿಚ್ಚುವ ಮುಂಚೆ ಹೊರಮೈಯ ಮೇಲೆ ಚಾಕ್‌ಪೀಸಿನಿಂದ 1, 2, 3 ಅಂತ ಬರೆದು, ಇಂಜಿನ್ ಕಡೆಯಿಂದ ಎಷ್ಟನೆಯದು ಅಂತ ನೆನಪಿಡಿ. ತಿರುಗುವ ದಿಕ್ಕಿಗೆ ಬಾಣದ ಗುರುತೂ ಇರಲಿ. ಬಿಚ್ಚಿದ ಮೇಲೆ ಯಾವ ಪಕ್ಕೆ ಒಳಗಿತ್ತು, ಯಾವುದು ಹೊರಗಿತ್ತು ಅನ್ನುವುದು ಅದರಿಂದಲೇ ಗೊತ್ತಾಗಬೇಕು.

ಪುಲ್ಲಿ

ಬೆಲ್ಟ್ ತೆಗೆದ ಮೇಲೆ ಗ್ರೂವುಗಳನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿ. ತಳ ಕಪ್ಪಾಗಿ, ಮಂಕಾಗಿ ಇರಬೇಕು. ತಳವೇ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿ ತಾಗುತ್ತಿದೆ. ಬೆಣೆ ಹಿಡಿಯುವ ಬದಲು ಸುಮ್ನೆ ತಳದ ಮೇಲೆ ಜಾರುತ್ತಿದೆ ಅಂತ ಅರ್ಥ. ಅಂಥ ಪುಲ್ಲಿಗೆ ಎಂಥ ಬೆಲ್ಟ್ ಹಾಕಿದರೂ ಉಳಿಯುವುದಿಲ್ಲ.

ಪಕ್ಕೆಗಳು ನೆಟ್ಟಗಿರಬೇಕು. ಉಗುರಿನಿಂದ ಮೇಲಿನಿಂದ ಕೆಳಗೆ ಗೀರಿ ನೋಡಿ. ನಡುವೆ ತಗ್ಗು ಸಿಕ್ಕರೆ, ಅಥವಾ ಮೆಟ್ಟಿಲಿನ ಹಾಗೆ ಉಗುರು ತಡೆದರೆ ಪುಲ್ಲಿ ಸವೆದಿದೆ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಹೊಸ ಬೆಲ್ಟನ್ನು ಗ್ರೂವಿನಲ್ಲಿ ಕೂರಿಸಿ. ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮ ಇರಬೇಕು, ಇಲ್ಲವೇ ಒಂಚೂರು ಮೇಲಿರಬೇಕು. 2 ಮಿಲಿಮೀಟರ್‌ನಷ್ಟು ಒಳಗೆ ಇಳಿದರೆ ಗ್ರೂವ್ ಅಗಲವಾಗಿದೆ, ಅಥವಾ ಬೆಲ್ಟ್ ತಪ್ಪು ಸೈಜಿನದು. ಮೂರು ಗ್ರೂವಿನಲ್ಲೂ ಒಂದೇ ಬೆಲ್ಟ್ ಇಟ್ಟು ನೋಡಿ. ನಮ್ಮ ಇಂಜಿನ್ ಪುಲ್ಲಿಯಲ್ಲಿ ಎರಡು ಸರಿಯಿದ್ದವು, ಹೊರಗಿನ ಗ್ರೂವ್ ಮಾತ್ರ ಸವೆದಿತ್ತು. ಮಗುಚಿ ಬಿದ್ದದ್ದೂ ಅದೇ ಗ್ರೂವಿನ ಬೆಲ್ಟ್.

ಸವೆದ ಪುಲ್ಲಿಯನ್ನು ಲೇತಿನಲ್ಲಿ ಮತ್ತೆ ಕೊರೆಸಬಹುದು, ಆದರೆ ಮೂರು ಗ್ರೂವನ್ನೂ ಒಂದೇ ಸಮ ಕೊರೆಯಬೇಕು. ಒಂದನ್ನು ಮಾತ್ರ ಕೊರೆದರೆ ಆ ಬೆಲ್ಟ್ ಒಳಗಿಳಿದು ಬೇರೆ ವೇಗದಲ್ಲಿ ಓಡಲು ನೋಡುತ್ತದೆ, ಒಂದಕ್ಕೊಂದು ಎಳೆದಾಡುತ್ತವೆ. ನನ್ನ ಮಟ್ಟಿಗೆ ಹೊಸ ಪುಲ್ಲಿ ಹಾಕುವುದೇ ಸರಿ. ನಾನು ಹಾಗೇ ಮಾಡಿದೆ.

ಬೆಲ್ಟ್ ಕೊಳ್ಳುವಾಗ ಮೇಲೆ ಬರೆದಿರುವ ಅಕ್ಷರ, ನಂಬರ್ ಎರಡೂ ನೋಡಿ. ಎ ಬೆಲ್ಟ್ ಮೇಲ್ಗಡೆ ಸುಮಾರು 13 ಮಿಲಿಮೀಟರ್ ಅಗಲ, ಬಿ ಬೆಲ್ಟ್ 17, ಸಿ ಬೆಲ್ಟ್ 22. ಪಕ್ಕದ ನಂಬರ್ ಒಳಸುತ್ತಿನ ಉದ್ದ, ಇಂಚಿನ ಲೆಕ್ಕ. ಬಿ 50 ಅಂದರೆ ಒಳಸುತ್ತು 50 ಇಂಚು. ಬಿ ಇರುವ ಜಾಗಕ್ಕೆ ಎ ಹಾಕಿದರೆ ತಳಕ್ಕೆ ಕೂರುತ್ತದೆ. ತುರ್ತಿಗೆ ಹಾಗೆ ಹಾಕಿ ಪುಲ್ಲಿಯನ್ನೂ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಇನ್ನೊಂದು, ಮೂರರಲ್ಲಿ ಒಂದು ಹರಿದರೂ ಮೂರನ್ನೂ ಬದಲಿಸಿ, ಒಂದೇ ಕಂಪನಿಯದು, ಒಂದೇ ನಂಬರಿನದು. ಹಳೇ ಬೆಲ್ಟ್ ಉದ್ದ ಹಿಗ್ಗಿರುತ್ತದೆ. ಅದರ ಜೊತೆ ಹೊಸದು ಹಾಕಿದರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ಒಂದೇ ಗೆರೆಯಲ್ಲಿ ಇದೆಯಾ

ನಮ್ಮ ಟಿಲ್ಲರಿನ ನಿಜವಾದ ರೋಗ ಇಲ್ಲಿತ್ತು, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಗಾರೆ ಕೆಲಸದವರು ಬಳಸುವ ನೂಲಿನ ದಾರ ಸಾಕು. ಬೆಲ್ಟ್ ಹಾಕಿ ಬಿಗಿ ಮಾಡಿದ ಸ್ಥಿತಿಯಲ್ಲೇ ನೋಡಬೇಕು. ಒಬ್ಬರು ಹಿಂದಿನ ಪುಲ್ಲಿಯ ಹೊರಮುಖದ ಆಚೆ ಅಂಚಿಗೆ ದಾರ ಒತ್ತಿ ಹಿಡಿಯಿರಿ. ಇನ್ನೊಬ್ಬರು ಮುಂದಿನ ಪುಲ್ಲಿಯ ಕಡೆಗೆ ಬಿಗಿಯಾಗಿ ಎಳೆದು ಮೆಲ್ಲಗೆ ಒಳಗೆ ತನ್ನಿ. ಹಿಂದಿನ ಪುಲ್ಲಿಯಲ್ಲಿ ಎರಡು ಕಡೆ, ಮುಂದಿನದರಲ್ಲಿ ಎರಡು ಕಡೆ, ಒಟ್ಟು ನಾಲ್ಕು ಕಡೆ ದಾರ ಒಟ್ಟಿಗೇ ತಾಗಬೇಕು. ಮೂರು ಕಡೆ ತಾಗಿ ಒಂದು ಕಡೆ ಸಂದು ಬಿಟ್ಟರೆ ಪುಲ್ಲಿ ಓರೆಯಾಗಿದೆ. ಒಂದು ಪುಲ್ಲಿಗೆ ತಾಗಿ ಇನ್ನೊಂದಕ್ಕೆ ಎರಡೂ ಕಡೆ ಸಮ ಸಂದು ಬಿಟ್ಟರೆ ಅದು ಒಳಗೋ ಹೊರಗೋ ಸರಿದಿದೆ. ಎರಡು ಪುಲ್ಲಿಯ ಅಂಚಿನ ದಪ್ಪ ಬೇರೆ ಬೇರೆ ಇದ್ದರೆ ಅಂಚು ನಂಬಬೇಡಿ, ಗ್ರೂವಿನ ನಡುವಿನಿಂದ ಅಳೆಯಿರಿ. ಅರ್ಧ ಡಿಗ್ರಿಗಿಂತ ಜಾಸ್ತಿ ಓರೆ ಇರಬಾರದು. ದಾರದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಅಡಿ ಉದ್ದಕ್ಕೆ ಎರಡೂವರೆ ಮಿಲಿಮೀಟರ್.

ಮೇಸ್ತ್ರಿ ಹೇಳಿದ ಮೇಲೆ ಮನೆಗೆ ಬಂದು ಹೀಗೇ ದಾರ ಹಿಡಿದೆ. ನಾಲ್ಕೂ ಕಡೆ ಸರಿಯಾಗಿ ತಾಗಿತು. ಇಂಜಿನ್ ಸೊಟ್ಟ ಇರಲೇ ಇಲ್ಲ. ನನಗೆ ದಿಕ್ಕೇ ತೋಚಲಿಲ್ಲ. ಫೋನ್ ಮಾಡಿದರೆ ಅವರು ಹೇಳಿದ್ದು ಇಷ್ಟು: "ನಿಂತಾಗ ನೆಟ್ಟಗೇ ಇರ್ತೈತಿ. ಎಳಿಯುವಾಗ ನೋಡಬೇಕು. ಇಂಜಿನ್ ಕಾಲಿಗೂ ಚಾಸಿಗೂ ಕೂಡಿಸಿ ಒಂದು ಗೆರೆ ಹಾಕು, ಕೆಸರಿಗಿಳಿಸು, ಆಮ್ಯಾಲೆ ನೋಡು."

ಚಾಕ್‌ಪೀಸ್ ಗೆರೆ ಕೆಸರಿನಲ್ಲಿ ನಿಲ್ಲುವುದಿಲ್ಲ. ಮಗಳ ಉಗುರಿಗೆ ಹಚ್ಚುವ ಬಣ್ಣ ತಗೊಂಡು, ಇಂಜಿನ್ನಿನ ನಾಲ್ಕು ಕಾಲಿನ ಹತ್ತಿರವೂ ಜಾಗ ಉಜ್ಜಿ, ಇಂಜಿನ್ ಕಾಲಿನಿಂದ ಚಾಸಿಯ ಮೇಲೆ ಇಳಿಯುವ ಹಾಗೆ ಒಂದೊಂದು ತೆಳು ಗೆರೆ ಎಳೆದೆ. ಒಣಗಿದ ಮೇಲೆ ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಅರ್ಧ ಗಂಟೆ ಕೆಸರು ಹೊಡೆದೆ. ನಿಲ್ಲಿಸಿ, ನೀರು ಹಾಕಿ ತೊಳೆದು, ಬಗ್ಗಿ ನೋಡಿದೆ. ಬಲಗಡೆಯ ಎರಡು ಗೆರೆ ಹಾಗೇ ಇದ್ದವು. ಎಡಗಡೆಯ ಎರಡೂ ತುಂಡಾಗಿದ್ದವು. ಇಂಜಿನ್ ಮೇಲಿನ ಅರ್ಧ ಗೆರೆ ಹಿಂದಕ್ಕೆ ಸರಿದಿತ್ತು, ಎರಡು ಬೆಂಕಿಕಡ್ಡಿಯ ದಪ್ಪದಷ್ಟು.

ಆಗ ಎಲ್ಲವೂ ಅರ್ಥವಾಯಿತು. ಬೆಲ್ಟ್ ಇರುವುದು ಎಡಗಡೆ. ಭಾರ ಬಿದ್ದಾಗ ಬೆಲ್ಟ್ ಇಂಜಿನ್ನನ್ನು ಹಿಂದಕ್ಕೆ ಎಳೆಯುತ್ತದೆ. ಎಡಗಡೆಯ ಬೋಲ್ಟುಗಳ ಹಿಡಿತ ಹೋಗಿದ್ದರಿಂದ ಆ ಕಡೆ ಮಾತ್ರ ಹಿಂದೆ ಸರಿದು ಇಡೀ ಇಂಜಿನ್ ಓರೆಯಾಗುತ್ತಿತ್ತು. ಓರೆಯಾದಾಗ ಮೂರೂ ಬೆಲ್ಟಿನ ಒಂದೇ ಪಕ್ಕೆ ಉಜ್ಜುತ್ತಿತ್ತು. ಎಲ್ಲಕ್ಕಿಂತ ಹೊರಗಿರುವ ಬೆಲ್ಟಿಗೆ ಸಡಿಲ ಜಾಸ್ತಿ, ಹಾಗಾಗಿ ಅದೇ ಮೊದಲು ಜಾರಿ, ಗ್ರೂವ್ ಸವೆಸಿ, ಮಗುಚುತ್ತಿತ್ತು. ನಾನು ಪ್ರತಿ ಸಲ ಬೆಲ್ಟ್ ಬದಲಿಸುವಾಗ ಇಂಜಿನ್ನನ್ನು ಮುಂದಕ್ಕೆ ತಳ್ಳಿ ನೆಟ್ಟಗೆ ಮಾಡುತ್ತಿದ್ದೆ, ಅದಕ್ಕೇ ದಾರಕ್ಕೆ ಏನೂ ಸಿಗಲಿಲ್ಲ.

ಎಡಗಡೆಯ ಬೋಲ್ಟ್ ಬಿಚ್ಚಿ ನೋಡಿದರೆ ಒಂದರ ಮರೆ (ಥ್ರೆಡ್) ಸವೆದಿತ್ತು. ಪಾನಾ ಹಾಕಿದಾಗ ಬಿಗಿಯಾದ ಹಾಗೆ ಅನಿಸುತ್ತಿತ್ತು, ಹಿಡಿತ ಇರಲಿಲ್ಲ. ಚಾಸಿಯ ಉದ್ದ ತೂತಿನ ಅಂಚಿನಲ್ಲಿ ತೆಳು ವಾಷರ್ ತಟ್ಟೆಯ ಹಾಗೆ ಒಳಗೆ ಕುಸಿದಿತ್ತು. ನಾಲ್ಕೂ ಬೋಲ್ಟ್, ನಟ್ ಹೊಸದು ಹಾಕಿಸಿದೆ, ತಲೆಯ ಮೇಲೆ 8.8 ಅಂತ ಇರುವ ಗಟ್ಟಿ ಬೋಲ್ಟ್. ತೆಳು ವಾಷರ್ ಬದಲು ದಪ್ಪ ಪಟ್ಟಿಯಲ್ಲಿ ತೂತು ಹೊಡೆಸಿ ಹಾಕಿದೆ. ಇಂಜಿನ್ನನ್ನು ಮುಂದಕ್ಕೆ ದೂಡಿ ಹಿಡಿಯುವ ಟೆನ್ಷನ್ ಬೋಲ್ಟಿನ ಲಾಕ್ ನಟ್ ಕೂಡ ಸಡಿಲವಿತ್ತು, ಅದನ್ನೂ ಬದಲಿಸಿದೆ. ಸಾಮಾನಿನ ಖರ್ಚು ಒಂದು ಸೆಟ್ ಬೆಲ್ಟಿನಷ್ಟೂ ಆಗಲಿಲ್ಲ.

ನಿಮ್ಮ ಯಂತ್ರದಲ್ಲಿ ಬೋಲ್ಟ್ ಸರಿಯಿದ್ದು ಗೆರೆಯೂ ಕದಲದಿದ್ದರೆ ಪುಲ್ಲಿಯೇ ಓಲಾಡುತ್ತಿರಬಹುದು. ಇಂಜಿನ್ ಒಳಗಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಹಿಡಿದುಕೊಂಡು ಕೈಯಿಂದ ಇಂಜಿನ್ ನಿಧಾನ ತಿರುಗಿಸಿ. ಪುಲ್ಲಿಯ ಅಂಚಿನ ಹತ್ತಿರ ಒಂದು ತಂತಿ ನಿಲ್ಲಿಸಿದ್ದರೆ ಅಂಚು ಹತ್ತಿರ ಬಂದು ದೂರ ಹೋಗುವುದು ಕಣ್ಣಿಗೇ ಕಾಣುತ್ತದೆ. ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಕೀ ಸವೆದಿರಬಹುದು, ಪುಲ್ಲಿಯ ಬೋಲ್ಟ್ ಸಡಿಲವಾಗಿರಬಹುದು, ಪುಲ್ಲಿ ಪೆಟ್ಟು ತಿಂದಿರಬಹುದು.

ಬಿಗಿ ಎಷ್ಟಿರಬೇಕು

ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಅತಿಯಾಗಿ ಬಿಗಿ ಮಾಡುವುದು. ಬೆಲ್ಟ್ ಜಾರಿದ ಕೂಡಲೇ ಪಾನಾ ತಗೊಂಡು ಎಳೆಯುತ್ತೇವೆ. ಜಾರುವುದಕ್ಕೆ ಸವೆದ ಗ್ರೂವ್ ಕಾರಣವಾಗಿದ್ದರೆ ಎಷ್ಟು ಎಳೆದರೂ ಜಾರುತ್ತದೆ, ಜೊತೆಗೆ ಬೇರಿಂಗ್ ಹೋಗುತ್ತದೆ. ನನ್ನ ಕ್ಲಚ್ ಬೇರಿಂಗ್ ಹೋಗಿದ್ದು ಹೀಗೆಯೇ.

ಅಳತೆಗೆ ನಿಮ್ಮ ಟಿಲ್ಲರಿನ ಜೊತೆ ಬಂದ ಪುಸ್ತಕವೇ ಕೊನೆ ಮಾತು, ಮಾದರಿಯಿಂದ ಮಾದರಿಗೆ ಬೇರೆ ಇರುತ್ತದೆ. ಪುಸ್ತಕ ಇಲ್ಲದಿದ್ದರೆ ವಿ ಬೆಲ್ಟುಗಳಿಗೆಲ್ಲ ಬಳಸುವ ಸಾಮಾನ್ಯ ಲೆಕ್ಕದಿಂದ ಶುರು ಮಾಡಿ. ಎರಡು ಪುಲ್ಲಿಯ ನಡುವೆ ಬೆಲ್ಟ್ ಗಾಳಿಯಲ್ಲಿ ಇರುವ ಉದ್ದ 1 ಮೀಟರ್ ಇದ್ದರೆ ನಡುವೆ ಒತ್ತಿದಾಗ ಸುಮಾರು 16 ಮಿಲಿಮೀಟರ್ ಬಗ್ಗಬೇಕು, ಅರ್ಧ ಮೀಟರ್ ಇದ್ದರೆ 8. ಮೂರು ಬೆಲ್ಟನ್ನೂ ಒಂದೊಂದಾಗಿ ಒತ್ತಿ ನೋಡಿ. ಮೂರೂ ಒಂದೇ ಸಮ ಬಗ್ಗಬೇಕು, ಅಳತೆಗಿಂತ ಇದು ಮುಖ್ಯ.

ಹೊಸ ಬೆಲ್ಟ್ ಮೊದಲ ದಿನ ಗ್ರೂವಿನಲ್ಲಿ ಕೂರುತ್ತಾ ಸ್ವಲ್ಪ ಹಿಗ್ಗುತ್ತದೆ. ಅರ್ಧ ಗಂಟೆ ಓಡಿಸಿ ಒಮ್ಮೆ, ಮಾರನೇ ದಿನ ಒಮ್ಮೆ ಬಿಗಿ ನೋಡಲೇಬೇಕು. ಇದನ್ನು ಬಿಟ್ಟರೆ ಹೊಸ ಬೆಲ್ಟ್ ಮೊದಲ ವಾರದಲ್ಲೇ ಜಾರಿ ಹೊಳಪಾಗುತ್ತದೆ. ಹಾಕುವಾಗ ಇಂಜಿನ್ನಿನ ಬೋಲ್ಟ್ ಸಡಿಲಿಸಿ ಹಿಂದಕ್ಕೆ ತಳ್ಳಿ, ಬೆಲ್ಟನ್ನು ಕೈಯಿಂದಲೇ ಹಾಕಿ. ಮೀಟಬೇಡಿ. ರಾಳ, ಗ್ರೀಸ್, ಸೋಪು ಯಾವುದನ್ನೂ ಹಚ್ಚಬೇಡಿ. ಹಿಂದೆ ಗಿರಣಿಗಳ ಚಪ್ಪಟೆ ಬೆಲ್ಟಿಗೆ ರಾಳ ಹಚ್ಚುತ್ತಿದ್ದರು, ವಿ ಬೆಲ್ಟಿಗೆ ಅದು ಧೂಳು ಹಿಡಿಸುತ್ತದೆ ಅಷ್ಟೇ.

ಬೇರಿಂಗ್, ಎಣ್ಣೆ, ಕೆಸರು

ಬೆಲ್ಟ್ ತೆಗೆದಿರುವಾಗಲೇ ಕ್ಲಚ್ ಬಿಡಿಸಿ ಹಿಂದಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಸದ್ದಿಲ್ಲದೆ ತಿರುಗಬೇಕು. ಗರಗರ ಅಂದರೆ, ತಡೆತಡೆದು ತಿರುಗಿದರೆ, ಹಿಡಿದು ಅಲುಗಿಸಿದಾಗ ಆಟ ಸಿಕ್ಕರೆ ಬೇರಿಂಗ್ ಬದಲಿಸಿ. ಪುಲ್ಲಿಯ ಹಿಂದೆ ಎಣ್ಣೆ ಜಿಡ್ಡು ಇದ್ದರೆ ಆಯಿಲ್ ಸೀಲ್ ಹೋಗಿದೆ, ಮೊದಲು ಅದು. ಎಣ್ಣೆ ಕುಡಿದ ಬೆಲ್ಟನ್ನು ಒರೆಸಿ ಮತ್ತೆ ಹಾಕಿ ಪ್ರಯೋಜನವಿಲ್ಲ.

ಕೆಸರಿನ ವಿಷಯಕ್ಕೆ ಬಂದರೆ, ಬೆಲ್ಟ್ ತಣ್ಣಗಿರಲಿ ಅಂತ ಕವರ್ ತೆಗೆದು ಓಡಿಸುವವರು ನಮ್ಮಲ್ಲಿ ತುಂಬಾ ಜನ. ದಯವಿಟ್ಟು ಬೇಡ. ಕೇಜ್‌ವೀಲ್ ಎರಚುವ ಕೆಸರಿನಲ್ಲಿ ಮರಳು ಇರುತ್ತದೆ. ಬೆಲ್ಟಿಗೂ ಪುಲ್ಲಿಗೂ ನಡುವೆ ಅದು ಸೇರಿದರೆ ಸ್ಯಾಂಡ್‌ಪೇಪರ್ ಇಟ್ಟು ಉಜ್ಜಿದ ಹಾಗೆ. ಜೊತೆಗೆ ಟಿಲ್ಲರ್ ಹಿಂದೆಯೇ ಮಕ್ಕಳು ಓಡಾಡುತ್ತಿರುತ್ತಾರೆ. ಕವರಿನ ಕೆಳಗಿನ ತುದಿ ಒಡೆದಿದ್ದರೆ ತಗಡು ಬಡಿದು ಸರಿ ಮಾಡಿಸಿ. ಸಂಜೆ ತೊಳೆಯುವಾಗ ಕವರ್ ಬಿಚ್ಚಿ ಪುಲ್ಲಿಯ ಗ್ರೂವಿಗೂ ನೀರು ಬಿಡಿ. ಒಣಗಿ ಗಟ್ಟಿಯಾದ ಮಣ್ಣು ಮರುದಿನ ಬೆಲ್ಟನ್ನು ಎತ್ತಿ ಹೊರಗೆ ಹಾಕುತ್ತದೆ.

ಓಡಿಸುವವರ ಕೈಯ ಮಾತೂ ಇದೆ. ಬದುವಿನ ಹತ್ತಿರ ತಿರುಗಿಸಿ, ಆಕ್ಸಿಲೇಟರ್ ಪೂರ್ತಿ ಇಟ್ಟು ಕ್ಲಚ್ ಧಡಕ್ಕನೆ ಬಿಟ್ಟರೆ ಆ ಹೊಡೆತವೆಲ್ಲ ಬೆಲ್ಟಿಗೆ. ಆಕ್ಸಿಲೇಟರ್ ಇಳಿಸಿ, ಕ್ಲಚ್ ಹಿಡಿಸಿ, ಆಮೇಲೆ ಏರಿಸಿ. ನಾನು ನಮ್ಮ ಹುಡುಗನಿಗೆ ಇದನ್ನು ಪಕ್ಕದಲ್ಲಿ ನಡೆದುಕೊಂಡೇ ಹೇಳಿಕೊಟ್ಟೆ, ಎರಡು ಸಾಲಿಗೆ ರೂಢಿಯಾಯಿತು.

ಕೆಲಸವಿಲ್ಲದ ತಿಂಗಳುಗಳಲ್ಲಿ ಇಂಜಿನ್ ಹಿಂದಕ್ಕೆ ಸರಿಸಿ ಬೆಲ್ಟ್ ಸಡಿಲ ಬಿಡುತ್ತೇನೆ. ಬಿಸಿಲು ಬೀಳದ ಕಡೆ ನಿಲ್ಲಿಸುತ್ತೇನೆ. ಹೊಸ ಸ್ಪೇರ್ ಸೆಟ್ಟನ್ನು ಮುಚ್ಚಳವಿರುವ ಡಬ್ಬದಲ್ಲಿ ಇಟ್ಟಿದ್ದೇನೆ, ಇಲ್ಲದಿದ್ದರೆ ಇಲಿ ಕಡಿಯುತ್ತದೆ.

ರಿಪೇರಿ ಆದ ಮೇಲೆ ಹಾಕಿದ ನಾಲ್ಕನೇ ಸೆಟ್ ಮುಂಗಾರಿನ ನಾಟಿ ಮುಗಿಸಿ, ಈಗ ಮತ್ತೆ ಬೇಸಿಗೆ ಬೆಳೆಗೆ ಕೆಸರು ಹೊಡೆಯುತ್ತಿದೆ. ಉಗುರು ಬಣ್ಣದ ಗೆರೆಗಳನ್ನು ಅಳಿಸಿಲ್ಲ, ಹೊಸದಾಗಿ ಎಳೆದಿದ್ದೇನೆ. ಡೀಸೆಲ್ ಹಾಕುವಾಗ ಬಗ್ಗಿ ಒಮ್ಮೆ ನೋಡುತ್ತೇನೆ. ಇವತ್ತು ಬೆಳಿಗ್ಗೆ ನೋಡಿದಾಗಲೂ ನಾಲ್ಕೂ ಗೆರೆ ಕೂಡಿಕೊಂಡೇ ಇದ್ದವು.